ಐದನೇ ಕೇಸಿನ ಆಳು

ಜೇಮ್ಸ್ ಪಾರ್ಕಿನ್ಸನ್ ಬರೆದ ‘ಆ್ಯನ್ ಎಸ್ಸೇ ಆನ್ ದಿ ಶೇಕಿಂಗ್ ಪಾಲ್ಸಿ’ 1817ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 66 ಪುಟದ ಪುಸ್ತಿಕೆ. ಲೇಖಕನ ಹೆಸರು ಜಗತ್ತಿಗೆಲ್ಲ ಗೊತ್ತು, ರೋಗಕ್ಕೇ ಆ ಹೆಸರು ಅಂಟಿದೆ. ಪುಸ್ತಕ ಓದಿದವರು ಮಾತ್ರ ಕಡಿಮೆ. ಸನ್ನತಿಯಲ್ಲಿರೋ ನಮ್ಮ ಕಾಕಾನಿಗೆ ಈ ಕಾಯಿಲೆ ಇರದಿದ್ದರೆ ನಾನೂ ಓದುತ್ತಿರಲಿಲ್ಲ. ಡಾಕ್ಟರು ಗುಳಿಗೆ ಬರೆದುಕೊಟ್ಟು, ‘ಎಕ್ಸರ್‌ಸೈಜ್ ಮಾಡಿಸ್ರಿ’ ಅಂದಿದ್ದರು. ಯಾವುದು, ಹೇಗೆ ಅಂತ ಹೇಳೋಕೆ ಅವರಿಗೆ ಪುರುಸೊತ್ತಿರಲಿಲ್ಲ. ಹೊರಗೆ ಇನ್ನೂ ನಲವತ್ತು ಜನ ಕೂತಿದ್ದರು.

ಪುಸ್ತಕದಲ್ಲಿ ಇರುವುದು ಆರೇ ಆರು ಕೇಸು. ಅದರಲ್ಲೂ ಇಬ್ಬರು ಬೀದಿಯಲ್ಲಿ ಅಕಸ್ಮಾತ್ ಎದುರಾದವರು, ಒಬ್ಬನನ್ನು ದೂರದಿಂದ ನೋಡಿದ್ದಷ್ಟೇ. ಇವತ್ತಿನ ಯಾವ ಜರ್ನಲ್ಲೂ ಇದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ನನ್ನ ಪ್ರಕಾರ ಪುಸ್ತಕದ ಶಕ್ತಿ ಇರುವುದೇ ಅಲ್ಲಿ. ಕುರ್ಚಿಯಲ್ಲಿ ಕೂತ ರೋಗಿಯ ಕೈ ನಡುಗುವುದು ಯಾರಿಗೂ ಕಾಣುತ್ತೆ. ನಡಿಗೆ ಕಾಣಬೇಕಾದರೆ ಬೀದಿಗೇ ಇಳೀಬೇಕು. ಮೂರನೇ ಕೇಸಿನ ಮನುಷ್ಯ ಸುಮಾರು 65ರ ಕಟ್ಟುಮಸ್ತಾದ ಮಾಜಿ ನಾವಿಕ. ಮೈ ಮುಂದಕ್ಕೆ ಬಾಗಿ ಓಡುತ್ತಲೇ ಇರುತ್ತಾನೆ, ಐದಾರು ಹೆಜ್ಜೆಗೊಮ್ಮೆ ಕೋಲನ್ನು ನೆಲಕ್ಕೆ ಜೋರಾಗಿ ಊರಿ ತನ್ನನ್ನು ತಾನೇ ನೆಟ್ಟಗೆ ಮಾಡಿಕೊಳ್ಳುತ್ತಾನೆ. ಎಂಥ ಕಣ್ಣು ಇವನದು ಅನಿಸಿತು.

ಐದನೇ ಕೇಸಿಗೆ ಬಂದಾಗ ನಾನು ಓದುವುದು ನಿಲ್ಲಿಸಿ ಮತ್ತೆ ಮೊದಲಿಂದ ಓದಿದೆ. ಒಬ್ಬ ಗೃಹಸ್ಥನಿಗೆ ನಡಿಗೆ ಶುರುಮಾಡುವುದೇ ಆಗದು. ಅವನ ಆಳು ಎದುರಿಗೆ ನಿಂತು ಎರಡೂ ಭುಜದ ಮೇಲೆ ಕೈ ಇಡುತ್ತಾನೆ. ಗೃಹಸ್ಥ ಮೆಲ್ಲಗೆ ಹಿಂದೆ ಮುಂದೆ ತೂಗಾಡುತ್ತಾನೆ. ತೂಕ ಸಮ ಆದ ಕೂಡಲೇ ಸನ್ನೆಯ ಮಾತೊಂದು ಬರುತ್ತೆ, ಹೊರಡುತ್ತಾನೆ. ಆಳು ಸರಕ್ಕನೆ ಪಕ್ಕಕ್ಕೆ ಸರಿದು ಮುಂದೆ ಓಡಿ, ಸುಮಾರು ಇಪ್ಪತ್ತು ಹೆಜ್ಜೆ ಆದ ಮೇಲೆ ಅವನು ಬೀಳದಂತೆ ಹಿಡಿದುಕೊಳ್ಳುತ್ತಾನೆ.

ಇವತ್ತು ಫಿಸಿಯೋಥೆರಪಿಸ್ಟುಗಳು ಕಾಲು ಅಂಟಿಕೊಂಡವರಿಗೆ ಕಲಿಸುವುದೂ ಹೆಚ್ಚು ಕಡಿಮೆ ಇದನ್ನೇ. ನಿಲ್ಲು, ಎಳೆದಾಡಬೇಡ, ತೂಕವನ್ನು ಒಂದು ಕಾಲಿಂದ ಇನ್ನೊಂದಕ್ಕೆ ತೂಗು, ಎಣಿಸು, ದೊಡ್ಡ ಹೆಜ್ಜೆ ಇಡು. ಇಡೀ ಪುಸ್ತಕದಲ್ಲಿ ಕೆಲಸಕ್ಕೆ ಬರುವ ಚಿಕಿತ್ಸೆ ಅಂತ ಇದ್ದರೆ ಅದು ಆ ಆಳಿನ ಕೈಯಲ್ಲಿತ್ತು. ಪಾರ್ಕಿನ್ಸನ್ ಅದನ್ನು ಕಂಡ, ಬರೆದ, ಮುಂದೆ ಹೋದ. ಆಳನ್ನು ಒಂದು ಮಾತೂ ಕೇಳಲಿಲ್ಲ. ಚಿಕಿತ್ಸೆಯ ಅಧ್ಯಾಯ ತೆರೆದರೆ ಕತ್ತಿನ ಹಿಂಭಾಗದಿಂದ ರಕ್ತ ತೆಗೆಯಿರಿ, ಬೊಬ್ಬೆ ಎಬ್ಬಿಸಿ ಕೀವು ಸೋರುವಂತೆ ಇಡಿ ಅಂತಿದೆ! ಆ ಕಾಲವೇ ಹಾಗಿತ್ತು ಅನ್ನಬಹುದು, ತನ್ನದು ಬರೀ ಊಹೆ ಅಂತ ಅವನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ ಕೂಡ. ಆದರೂ ನನ್ನ ತಕರಾರು ಹಾಗೇ ಇದೆ. ಕಣ್ಣೆದುರಿಗೇ ಇದ್ದ ವಿದ್ಯೆ ಅವನಿಗೆ ವಿದ್ಯೆಯಾಗಿ ಕಾಣಲಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ‘ಶೇಕಿಂಗ್’ ಅಂತ ನಡುಕವನ್ನು ಮುಂದೆ ತಂದು ನಿಲ್ಲಿಸಿದ್ದು ಅವನು. ಎಲ್ಲ ರೋಗಿಗಳೂ ನಡುಗುವುದಿಲ್ಲ ಅಂತ ಮುಂದೆ ಪ್ಯಾರಿಸ್ಸಿನ ಶಾರ್ಕೋ ಆಕ್ಷೇಪ ಎತ್ತಿ ಪಾರ್ಕಿನ್ಸನ್ ಹೆಸರನ್ನೇ ರೋಗಕ್ಕೆ ಇಟ್ಟ. ನಮ್ಮಲ್ಲಿ ‘ಕಂಪವಾತ’ ಅನ್ನುವಾಗಲೂ ಅದೇ ನಡುಕ. ಕಾಕಾಗೆ ನಡುಕ ಅಷ್ಟಿಲ್ಲ. ಅದಕ್ಕೇ ಎರಡು ವರ್ಷ ‘ವಯಸ್ಸಾತು ಬಿಡು’ ಅಂತ ಕಳೆದುಹೋಯಿತು. ಅವರ ಕಷ್ಟ ಹೊಸ್ತಿಲ ಹತ್ತಿರ. ‘ಕಾಲ ನೆಲಕ್ಕ ಹತ್ಕೊಂಡಾವ ನೋಡಪಾ’ ಅಂತಾರೆ.

ಈಗಿನ ವ್ಯಾಯಾಮದ ವಿಡಿಯೋಗಳಿಗೆ ಬರೋಣ. ಮ್ಯಾಟು, ಕುರ್ಚಿ, ನಗುಮುಖದ ಟ್ರೇನರು, ಮೊಣಕಾಲು ಎತ್ತಿ ಹತ್ತು ಸಲ. ವ್ಯಾಯಾಮ ಸುಳ್ಳಲ್ಲ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸ್ಪಾರ್ಕ್ಸ್ ಅನ್ನುವ ಪ್ರಯೋಗದಲ್ಲಿ, ಇನ್ನೂ ಗುಳಿಗೆ ಶುರುಮಾಡದ 128 ಜನರ ಪೈಕಿ, ಆರು ತಿಂಗಳು ಟ್ರೆಡ್‌ಮಿಲ್ ಮೇಲೆ ಏದುಸಿರು ಬರುವಷ್ಟು ಜೋರಾಗಿ ನಡೆದವರ ಲಕ್ಷಣಗಳು ಬಹುತೇಕ ಇದ್ದಲ್ಲೇ ಇದ್ದವು. ಮಾಮೂಲಿ ಆರೈಕೆಯಲ್ಲಿದ್ದವರದು ಹೆಚ್ಚಾದವು. ನನ್ನ ಜಗಳ ವ್ಯಾಯಾಮದ ಜೊತೆ ಅಲ್ಲ, ಆ ವಿಡಿಯೋಗಳ ಖಾಲಿ ಕೋಣೆಯ ಜೊತೆ. ಅಲ್ಲಿ ಹೊಸ್ತಿಲಿಲ್ಲ, ಅಂಗಳದಲ್ಲಿ ಮಲಗಿದ ನಾಯಿಯಿಲ್ಲ, ಕೈಯಲ್ಲಿ ತಂಬಿಗೆಯಿಲ್ಲ. ಪಾರ್ಕಿನ್ಸನ್ ಕನಿಷ್ಠ ಬೀದಿ ನೋಡಿದ್ದ.

ನಮ್ಮ ಕಡೆ ಮನೆಗಳ ನೆಲ ಶಹಾಬಾದಿ ಪರಸಿ. ಬೂದು ಕಲ್ಲು, ಸಂದಿಗೆ ಸಿಮೆಂಟು ತುಂಬಿದ ಎದ್ದು ಕಾಣುವ ಗೆರೆ. ಆ ಗೆರೆ ದಾಟೋದು ಅಂದರೆ ಕಾಕಾನ ಕಾಲು ತಾನಾಗೇ ಏಳುತ್ತೆ. ಇದು ಪವಾಡ ಅಲ್ಲ. ದಾರಿಗೆ ಅಡ್ಡಲಾಗಿ ಎಳೆದ ಗೆರೆಗಳು ಇಂಥವರನ್ನು ನಡೆಸುತ್ತವೆ ಅಂತ ಲಂಡನ್ನಿನ ಪರ್ಡನ್ ಮಾರ್ಟಿನ್ 1967ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಡೋಪಮಿನ್ ಕಡಿಮೆಯಾಗಿ, ಯೋಚಿಸದೆ ನಡೆಸುವ ವ್ಯವಸ್ಥೆ ಕೈಕೊಟ್ಟಿರುತ್ತೆ. ಗೆರೆ ಕಂಡರೆ, ತಾಳ ಕೇಳಿದರೆ ಮೆದುಳು ಇನ್ನೊಂದು ದಾರಿ ಹಿಡಿಯುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬ್ಯಾಕ್‌ಗ್ರೌಂಡ್ ಪ್ರೊಸೆಸ್ ಸತ್ತಾಗ ಕೈಯಾರೆ ಕಮಾಂಡ್ ಹೊಡೆದ ಹಾಗೆ. ಚಂದ್ರಲಾಂಬೆಯ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗಲೂ ಕಾಕಾಗೆ ತೊಡಕಿಲ್ಲ, ಯಾಕಂದ್ರೆ ಅದು ದೊಡ್ಡ ಸುತ್ತು. ನಿಂತಲ್ಲೇ ಗಕ್ಕನೆ ತಿರುಗುವಾಗಲೇ ಇಂಥವರು ಬೀಳುವುದು.

ಮತ್ತೆ ಕಾಕಿ. ಕಾಕಾ ಹೊಸ್ತಿಲಲ್ಲಿ ನಿಂತುಬಿಟ್ಟರೆ ಅವಳು ರಟ್ಟೆ ಹಿಡಿದು ಎಳೆಯುವುದಿಲ್ಲ. ಎದುರಿಗೆ ನಿಂತು ಭಜನಿ ತಾಳದ ಲಯಕ್ಕೆ ಚಪ್ಪಾಳೆ ಹಾಕಿ, ‘ಹ್ಞಾಂ, ಎಡಗಾಲ’ ಅಂತಾಳೆ, ಪಕ್ಕಕ್ಕೆ ಸರೀತಾಳೆ. ಯಾರು ಹೇಳಿಕೊಟ್ರು ಅಂತ ಕೇಳಿದೆ. ‘ಯಾರ್ ಹೇಳ್ತಾರೋ, ದಿನಾ ನೋಡಂಗಿಲ್ಲೇನು’ ಅಂದಳು. ಗುಳಿಗೆಯ ಕಸುವು ಇಳಿಯುವ ಹೊತ್ತಿಗೆ ಕಾಲು ಭಾರ ಆಗುತ್ತೆ ಅನ್ನುವುದೂ ಅವಳಿಗೆ ಗೊತ್ತು. ಅದಕ್ಕೇ ಹೊಲದ ತನಕ ನಡಿಗೆ ಏನಿದ್ದರೂ ಗುಳಿಗೆ ಹತ್ತಿದ ಮೇಲೆ. 1817ರ ಆಳಿನ ಹಾಗೆ ಇವಳ ವಿದ್ಯೆಯೂ ಯಾವ ಪುಸ್ತಕದಲ್ಲೂ ಇಲ್ಲ. ಇವಳಿಗೂ ಅರವತ್ತೆರಡು, ಮೊಣಕಾಲು ನೋವು ಬೇರೆ.

ಕಾಕಾ ಹೋದ ಸಲ ಬೆಂಗಳೂರಿಗೆ ಬಂದಾಗ ನನ್ನ ಫ್ಲ್ಯಾಟಿನಲ್ಲಿ ಊರಿಗಿಂತ ಹೆಚ್ಚು ಸಲ ನಿಂತುಬಿಟ್ಟರು. ಹೊಸ್ತಿಲೇ ಇಲ್ಲದ ಮನೆ, ಆದರೆ ಗೆರೆಯೂ ಇಲ್ಲ. ಕನ್ನಡಿ ಥರ ಹೊಳೆಯೋ ವಿಟ್ರಿಫೈಡ್ ಟೈಲ್ಸು. ಲಿಫ್ಟಿನ ಬಾಗಿಲ ಮುಂದಂತೂ, ಅದು ಮುಚ್ಚಿಕೊಳ್ಳುತ್ತೆ ಅನ್ನೋ ಗಡಿಬಿಡಿಗೇ ಕಾಲು ಏಳಲಿಲ್ಲ. ಹಿಂದೆ ನಿಂತಿದ್ದವರು ‘ಅಂಕಲ್, ಬೇಗ’ ಅಂದರು. ನಿಮ್ಮ ಅಪ್ಪ ಅಮ್ಮನೂ ಊರು ಬಿಟ್ಟು ಬರುವವರಿದ್ದರೆ ಒಮ್ಮೆ ನಿಮ್ಮ ನೆಲ ನೋಡಿ.

ಮುಂದಿನ ತಿಂಗಳು ಇಬ್ಬರೂ ಮತ್ತೆ ಬರುತ್ತಿದ್ದಾರೆ. ಹಾಲಿನಿಂದ ಬಾತ್‌ರೂಮಿನವರೆಗೆ ಹಳದಿ ಟೇಪು ಅಂಟಿಸೋಕೆ ಮನೆ ಓನರನ್ನು ಕೇಳಿದ್ದೇನೆ. ಕಲೆ ಉಳಿಯಬಾರದು ಅಂತಿದ್ದಾರೆ. ಪರಸಿಯ ಗೆರೆಗೂ ಗೆರೆಗೂ ಎಷ್ಟು ದೂರ ಅಂತ ಅಳೆದು ಕಳಿಸೋಕೆ ಕಾಕಿಗೆ ಹೇಳಿದ್ದೆ. ಮೊನ್ನೆ ಸೀರೆಯ ದಾರ ಹಿಡಿದು ಅಳೆದಳಂತೆ, ಒಂದು ಗೇಣು ಮೇಲೆ ನಾಲ್ಕು ಬೆರಳು.