ಅರ್ಮೇನಿಯನ್ ಹಸ್ತಪ್ರತಿಗಳ ಸ್ಮರಣವಾಕ್ಯಗಳು

ವಡಾಲದಿಂದ ಹಾರ್ಬರ್ ಮಾರ್ಗದ ರೈಲಿನಲ್ಲಿ ಫೋರ್ಟಿಗೆ ನಿತ್ಯವೂ ಹೋಗಿಬರುವ ಕನ್ನಡಿಗರಲ್ಲಿ ಮೆಡೋಸ್ ಬೀದಿಯ ಅರ್ಮೇನಿಯನ್ ಇಗರ್ಜಿಯನ್ನು ಗಮನಿಸಿದವರು ವಿರಳ. ಸಂತ ಪೀಟರನ ಹೆಸರಿನ ಈ ಇಗರ್ಜಿ 1796ರದು. ಅದಕ್ಕೆ ಎರಡು ವರ್ಷ ಮೊದಲು, 1794ರಲ್ಲಿ, ಮದರಾಸಿನಲ್ಲಿ ಶ್ಮಾವೋನಿಯನ್ ಎಂಬ ಪಾದ್ರಿ ‘ಅಜ್ದರಾರ್’ ಎಂಬ ಪತ್ರಿಕೆಯನ್ನು ಹೊರಡಿಸಿದ್ದನು. ಅರ್ಮೇನಿಯನ್ ಭಾಷೆಯ ಮೊತ್ತಮೊದಲ ಪತ್ರಿಕೆ ಹುಟ್ಟಿದ್ದು ತಾಯ್ನಾಡಿನಲ್ಲಲ್ಲ, ನಮ್ಮ ದೇಶದಲ್ಲಿ. ಹೊರನಾಡಿನಲ್ಲಿದ್ದ ಬೆರಳೆಣಿಕೆಯ ವರ್ತಕರಿಗೆ ಅಕ್ಷರದ ಮೇಲೆ ಇಷ್ಟೊಂದು ಮಮತೆ ಎಲ್ಲಿಂದ ಬಂದಿತು?

405ರ ಸುಮಾರಿಗೆ ಮೆಸ್ರೋಪ್ ಮಾಷ್ಟೋತ್ಸನು ಲಿಪಿಯನ್ನು ರಚಿಸಿದನು, ಬೈಬಲ್ ಅನುವಾದವಾಯಿತು, ಆ ಲಿಪಿಯೇ ಜನಾಂಗವನ್ನು ಉಳಿಸಿತು ಎಂಬುದು ವಾಡಿಕೆಯ ಉತ್ತರ. ಇದು ಅರ್ಧಸತ್ಯವೆಂದು ನನ್ನ ಮತ. ಲಿಪಿಯಿದ್ದೂ ಅಳಿದುಹೋದ ಜನಾಂಗಗಳು ಚರಿತ್ರೆಯಲ್ಲಿ ಎಷ್ಟಿಲ್ಲ? ಉತ್ತರವನ್ನು ಮಧ್ಯಯುಗದ ಮಠಗಳಲ್ಲಿ ಹುಡುಕಬೇಕು. 451ರ ಕಾಲ್ಸಿಡನ್ ಸಭೆಯ ನಿರ್ಣಯವನ್ನು ಒಪ್ಪದೆ ಈ ಧರ್ಮಸಭೆ ಬೈಜಾಂಟಿಯಮ್ಮಿನಿಂದ ದೂರ ಸರಿಯಿತು. ರಾಜಧಾನಿಯಾದ ಆನಿ 1045ರಲ್ಲಿ ಅದೇ ಬೈಜಾಂಟಿಯಮ್ಮಿನ ವಶವಾಯಿತು. 1064ರಲ್ಲಿ ಸೆಲ್ಜುಕರ ಪಾಲಾಯಿತು. ಸಿಲೀಷಿಯದಲ್ಲಿ ಕಟ್ಟಿದ ಹೊಸ ರಾಜ್ಯವೂ 1375ಕ್ಕೆ ಮುಗಿಯಿತು. ಮುಂದೆ ಉಳಿದವು ಮಠಗಳು, ಮಠಗಳಲ್ಲಿ ಪುಸ್ತಕಗಳು.

ಆ ಪುಸ್ತಕಗಳ ಕೊನೆಯಲ್ಲಿ ‘ಹಿಶತಕರನ್’ ಎಂಬ ಭಾಗವೊಂದಿರುತ್ತದೆ. ಸ್ಮರಣವಾಕ್ಯವೆಂದು ಅದನ್ನು ಕರೆಯಬಹುದು. ಪ್ರತಿಕಾರನು ತನ್ನ ಹೆಸರು, ತಂದೆತಾಯಿಗಳ ಹೆಸರು, ಬರೆಯಿಸಿದವರ ಹೆಸರು, ವರ್ಷ, ಆಳುವವನು, ಕ್ಷಾಮ, ದಂಡಯಾತ್ರೆ ಎಲ್ಲವನ್ನೂ ಅಲ್ಲಿ ದಾಖಲಿಸಿ, ಓದುಗನು ತನಗಾಗಿ ಪ್ರಾರ್ಥಿಸಲೆಂದು ಬೇಡುತ್ತಾನೆ. ವಿಶೇಷವೆಂದರೆ ಅವನೊಂದಿಗೆ ಈ ಬರಹ ನಿಲ್ಲುವುದಿಲ್ಲ. ಮುಂದೆ ಪುಸ್ತಕವನ್ನು ಕೊಂಡವನು, ಮರಳಿ ಕಟ್ಟು ಹಾಕಿದವನು, ಶತ್ರುಗಳಿಂದ ಬಿಡಿಸಿ ತಂದವನು ಎಲ್ಲರೂ ತಮ್ಮ ಸಾಲುಗಳನ್ನು ಸೇರಿಸುತ್ತಾರೆ. ಪುಸ್ತಕ ‘ಸೆರೆ’ಯಾಯಿತು, ‘ಬಿಡುಗಡೆ’ ಹೊಂದಿತು ಎಂದೇ ಅವರ ಮಾತು. 1200–1202ರಲ್ಲಿ ಬರೆದ ಮೂಷಿನ ಪ್ರವಚನಸಂಗ್ರಹ ಇದಕ್ಕೆ ಶ್ರೇಷ್ಠ ನಿದರ್ಶನ. ಸುಮಾರು 28 ಕಿಲೋ ತೂಗುವ ಆ ಚರ್ಮಪತ್ರಗ್ರಂಥ ಸೆಲ್ಜುಕರ ಕೈಸೇರಿದಾಗ ಜನರು 4,000 ಬೆಳ್ಳಿನಾಣ್ಯಗಳನ್ನು ಕೂಡಿಸಿ 1204ರಲ್ಲಿ ಬಿಡಿಸಿಕೊಂಡರು. 1915ರ ನರಮೇಧದಲ್ಲಿ ಇಬ್ಬರು ಹೆಂಗಸರು ಅದನ್ನು ಎರಡು ಭಾಗ ಮಾಡಿ ಹೊತ್ತರೆಂದು ಪ್ರತೀತಿ. ಎರಡೂ ಭಾಗಗಳು ಈಗ ಯೆರೆವಾನಿನ ಮಾತೆನಾದರಾನ್ ಭಂಡಾರದಲ್ಲಿವೆ.

ಇಲ್ಲಿ ನಮಗೆ ಅತ್ತಿಮಬ್ಬೆ ನೆನಪಾಗುವುದು ಸಹಜ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆಕೆಯ ಶಾಸ್ತ್ರದಾನ ಯಾವ ಅರ್ಮೇನಿಯನ್ ದಾನಿಗೂ ಕಡಿಮೆಯದಲ್ಲ. ಆದರೆ ಆಕೆಯನ್ನು ನಾವು ಅರಿತಿರುವುದು ರನ್ನನ ಕಾವ್ಯದಿಂದ, ಲಕ್ಕುಂಡಿಯ 1007ರ ಶಾಸನದಿಂದ. ಸಾವಿರ ಪ್ರತಿಗಳನ್ನು ಬರೆದ ಕೈಗಳು ಯಾರವು? ನಾವು ದಾನವನ್ನು ಕಲ್ಲಿಗೆ ಒಪ್ಪಿಸಿದೆವು. ಅವರು ಪುಸ್ತಕಕ್ಕೇ ಒಪ್ಪಿಸಿದರು. ಕಲ್ಲು ಊರಲ್ಲಿ ಉಳಿಯುತ್ತದೆ, ಪುಸ್ತಕ ವಲಸೆ ಹೋಗುತ್ತದೆ. ನೆಲ ತಪ್ಪಿದ ಜನಕ್ಕೆ ಎರಡನೆಯದೇ ಒದಗಿತು.

ನಮ್ಮಲ್ಲಿ ಈ ಪದ್ಧತಿ ಇರಲೇ ಇಲ್ಲವೆನ್ನಲಾಗದು. ಮೂಡಬಿದಿರೆಯ ಸಿದ್ಧಾಂತಗ್ರಂಥಗಳಲ್ಲೊಂದಾದ ಮಹಾಬಂಧದ ಪ್ರಶಸ್ತಿ, ಮಲ್ಲಿಕಬ್ಬೆ ಎಂಬಾಕೆ ವ್ರತದ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘನಂದಿಗಳಿಗೆ ಅರ್ಪಿಸಿದಳೆಂದು ಹೇಳುತ್ತದೆ. ಅದಕ್ಕಿಂತ ಚಿಕ್ಕ, ಮನೆಮನೆಯ ಓಲೆಗಟ್ಟುಗಳ ಕೊನೆಯ ಗರಿಗಳಲ್ಲಿಯೂ ಸಂವತ್ಸರ, ಊರು, ಬರೆದವನ ಹೆಸರು ಕಾಣುವುದುಂಟು. ಪಾಠಾಂತರಗಳಿಗೆ ಪುಟಗಟ್ಟಲೆ ಸ್ಥಳ ಕೊಡುವ ನಮ್ಮ ಸಂಪಾದಕರು ಆ ಗರಿಯನ್ನು ಪೀಠಿಕೆಯ ಒಂದೆರಡು ಸಾಲಿಗೆ ಇಳಿಸುವುದೇ ಹೆಚ್ಚು. ಅದನ್ನು ಕಾಗುಣಿತದ ತಪ್ಪುಗಳ ಸಮೇತ, ಗ್ರಂಥದ ಅಂಗವೆಂದೇ ಇಡಿಯಾಗಿ ಅಚ್ಚುಮಾಡಬೇಕು.