ಬಿಳಿ ನಾಯಿಯ ಕರಿ ಮೂಗು

ಬಿಳಿ ಜರ್ಮನ್ ಶೆಫರ್ಡ್ ಎದುರಿಗೆ ಬಂದರೆ ಎಲ್ಲರ ಕಣ್ಣೂ ಮೈಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಆದರೆ ಮೊದಲು ನೋಡಬೇಕಾದದ್ದು ಅದರ ಮೂಗನ್ನು. ಮೂಗು ಇದ್ದಿಲಿನಷ್ಟು ಕಪ್ಪು. ತುಟಿಯ ಅಂಚು ಕಪ್ಪು. ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಒಂದು ಗೆರೆ. ಕಪ್ಪು ಬಣ್ಣ ತಯಾರಿಸುವ ಜೀವಕೋಶಗಳು ಈ ನಾಯಿಯಲ್ಲಿ ಇವೆ, ಕೆಲಸವನ್ನೂ ಮಾಡುತ್ತಿವೆ. ಕೂದಲಿಗೆ ಮಾತ್ರ ಆ ಕಪ್ಪು ಇಳಿದಿಲ್ಲ, ಅಷ್ಟೆ. ಇದು ಆಲ್ಬಿನೋ ಅಲ್ಲ, ರೋಗವೂ ಅಲ್ಲ.

ಹಾಗಿದ್ದೂ ಇದನ್ನು ತಳಿಯ ಕಳಂಕವೆಂದು ಹೊರಗಿಟ್ಟರು. ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಹೊರಾಂಡ್ ಎಂಬ ಕುರಿಕಾಯುವ ನಾಯಿಯನ್ನು ಕೊಂಡು, ಅದೇ ವರ್ಷ ಜರ್ಮನ್ ಶೆಫರ್ಡ್ ಸಂಘವನ್ನು ಕಟ್ಟಿ, ವಂಶಾವಳಿ ಪುಸ್ತಕದ ಮೊದಲ ನಂಬರನ್ನು ಹೊರಾಂಡನಿಗೇ ಕೊಟ್ಟರು. ಈ ಮೂಲಪುರುಷನ ತಾಯಿಯ ತಂದೆ ಗ್ರೈಫ್ ಬಿಳಿ ನಾಯಿ! ತಾತನ ಬಣ್ಣ ಮೊಮ್ಮಕ್ಕಳಲ್ಲಿ ಆಗಾಗ ಕಾಣಿಸಿಕೊಂಡರೆ ಅದರಲ್ಲಿ ಆಶ್ಚರ್ಯವೇನು? ಆದರೂ 1933ರಲ್ಲಿ ಜರ್ಮನಿಯ ತಳಿ ನಿಯಮ ಬಿಳಿಯನ್ನು ಅನರ್ಹಗೊಳಿಸಿತು. ಅಮೆರಿಕದ ಪ್ರದರ್ಶನಗಳಲ್ಲಿ 1968ರಿಂದ ಅದಕ್ಕೆ ಬಾಗಿಲು ಮುಚ್ಚಿತು. ಕೊನೆಗೆ ಸ್ವಿಟ್ಜರ್ಲೆಂಡ್ 1991ರಲ್ಲಿ ಬಿಳಿ ನಾಯಿಗಳಿಗೆ ತನ್ನ ದಾಖಲೆಯಲ್ಲಿ ಜಾಗ ಕೊಟ್ಟಿತು. 2011ರಲ್ಲಿ ಅವು 'ವೈಟ್ ಸ್ವಿಸ್ ಶೆಫರ್ಡ್' ಎಂಬ ಬೇರೆಯೇ ತಳಿಯಾಗಿ ಪೂರ್ಣ ಪ್ರಮಾಣದ ಅಂತರರಾಷ್ಟ್ರೀಯ ಮನ್ನಣೆ ಪಡೆದವು. ನಾಯಿ ಅದೇ, ರಕ್ತ ಅದೇ. ಮರ್ಯಾದೆ ಸಿಗಲು ಹೆಸರನ್ನೂ ದೇಶವನ್ನೂ ಬದಲಾಯಿಸಬೇಕಾಯಿತು.

ಅದೇ 1899ರಲ್ಲಿ ಇಂಗ್ಲೆಂಡಿನಲ್ಲಿ ಕರಿ ಲ್ಯಾಬ್ರಡಾರ್ ಜೋಡಿಯೊಂದಕ್ಕೆ ಹಳದಿ ಮರಿ ಹುಟ್ಟಿತು. ಬೆನ್ ಆಫ್ ಹೈಡ್ ಎಂಬ ಆ ನಾಯಿಯೇ ದಾಖಲೆಯಲ್ಲಿರುವ ಮೊದಲ ಹಳದಿ ಲ್ಯಾಬ್. ಅದರ ಬಣ್ಣಕ್ಕೆ ತಳಿ ನಿಯಮ ಗಡಿಪಾರು ವಿಧಿಸಲಿಲ್ಲ. ಇವತ್ತು ಬೆಂಗಳೂರಿನ ಯಾವ ಬಡಾವಣೆಯಲ್ಲಿ ಕೇಳಿದರೂ ಲ್ಯಾಬ್ ಎಂದಾಗ ಕಣ್ಣಿಗೆ ಕಟ್ಟುವುದು ಆ ಹಳದಿಯೇ. ಮುಂದೆ ತಳಿವಿಜ್ಞಾನಿಗಳು ಹುಡುಕಿದಾಗ ಗೊತ್ತಾದದ್ದು: ಲ್ಯಾಬ್ರಡಾರನ್ನು ಹಳದಿ ಮಾಡುವುದೂ ಶೆಫರ್ಡನ್ನು ಬಿಳಿ ಮಾಡುವುದೂ ಎಂಸಿ1ಆರ್ ಎಂಬ ಒಂದೇ ಜೀನಿನಲ್ಲಾದ ಒಂದೇ ಬದಲಾವಣೆ. ಬಣ್ಣ ಎಷ್ಟು ತಿಳಿಯಾಗಬೇಕು ಎನ್ನುವುದನ್ನಷ್ಟೇ ಬೇರೆ ಜೀನ್‌ಗಳು ತೀರ್ಮಾನಿಸುತ್ತವೆ. ಒಂದು ತಳಿಯಲ್ಲಿ ಪದಕ, ಇನ್ನೊಂದರಲ್ಲಿ ಅನರ್ಹತೆ. ತಳಿ ಶುದ್ಧಿಯ ಹೆಸರಿನಲ್ಲಿ ಬರೆದ ಬಣ್ಣದ ನಿಯಮಗಳಲ್ಲಿ ವಿಜ್ಞಾನ ಎಷ್ಟು, ರೂಢಿ ಎಷ್ಟು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗೆಂದು ಇಂಥ ನಿಯಮ ಬರೆಯುವ ತಳಿ ಕ್ಲಬ್ಬುಗಳನ್ನು ಬೈದು, ಹೊಸ ಬಣ್ಣ ಮಾರುವವರ ಪಕ್ಷ ಹಿಡಿಯುವಂತೆಯೂ ಇಲ್ಲ. ಅಮೆರಿಕದ 'ಸಿಲ್ವರ್ ಲ್ಯಾಬ್' ಜಗಳವನ್ನೇ ನೋಡಿ. ಲ್ಯಾಬ್ರಡಾರಿಗೆ ಅಂಗೀಕೃತ ಬಣ್ಣ ಮೂರೇ: ಕಪ್ಪು, ಹಳದಿ, ಚಾಕೊಲೇಟ್. ಬೂದಿ ಬೆರೆಸಿದ ಬೆಳ್ಳಿಯಂಥ ಸಿಲ್ವರ್, ಬಣ್ಣವನ್ನು ತೆಳುವಾಗಿಸುವ ಜೀನಿನ ಎರಡು ಪ್ರತಿ ಸೇರಿದಾಗ ಚಾಕೊಲೇಟೇ ತಾಳುವ ರೂಪ. ಬಣ್ಣದ ಕಣಗಳು ಕೂದಲಿನುದ್ದಕ್ಕೂ ಸಮನಾಗಿ ಹರಡದೆ ಅಲ್ಲಲ್ಲಿ ಗಂಟುಗಟ್ಟಿ, ಕೂದಲು ಮಾಸಿದಂತೆ ಕಾಣುತ್ತದೆ. ಬೂದುಬಣ್ಣದ ವೈಮರಾನರ್ ತಳಿಯ ನಾಯಿಯನ್ನು ಕದ್ದುಮುಚ್ಚಿ ಬೆರೆಸಿದ್ದಾರೆ ಎಂಬುದು ಲ್ಯಾಬ್ ಕ್ಲಬ್ಬಿನವರ ದೂರು. ಅಮೆರಿಕನ್ ಕೆನಲ್ ಕ್ಲಬ್ ಮಾತ್ರ ಇವನ್ನು ಚಾಕೊಲೇಟ್ ಎಂದೇ ನೋಂದಾಯಿಸಿಕೊಂಡು ಬಂದಿದೆ. ಮಾರುವವರ ಮಾತು ಇನ್ನೊಂದು: 'ಅಪರೂಪದ ಬಣ್ಣ, ಬೆಲೆ ಜಾಸ್ತಿ.' ಅಪರೂಪ ಎಲ್ಲಿಂದ ಬಂತು? ಸಿಲ್ವರ್ ಗಂಡಿಗೆ ಸಿಲ್ವರ್ ಹೆಣ್ಣು ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಸಾಮಾನ್ಯವಾಗಿ ಸಿಲ್ವರೇ. ಇಂಥ ತೆಳು ಬಣ್ಣದ ಕೆಲವು ನಾಯಿಗಳಲ್ಲಿ ಕೂದಲು ಉದುರಿ ಚರ್ಮ ಕೆಡುವುದುಂಟು ಎಂಬ ಮಾತು ಜಾಹೀರಾತಿಗೆ ಬರುವುದಿಲ್ಲ. ಇತ್ತ ವೈಮರಾನರ್ ತಳಿಯಲ್ಲಿ ಹೆಚ್ಚುಕಡಿಮೆ ಎಲ್ಲ ನಾಯಿಗಳೂ ಇದೇ ತೆಳು ಬಣ್ಣದವಾದರೂ ಆ ಕಾಯಿಲೆ ವಿರಳ ಎಂಬ ಮಾತು ಕ್ಲಬ್ಬಿನ ವಾದಕ್ಕೂ ಬರುವುದಿಲ್ಲ.

ಇಬ್ಬರ ಜಗಳದಲ್ಲಿ ಮರೆಯಾಗುವುದು ಚಾಕೊಲೇಟ್ ಲ್ಯಾಬ್. ಇದು ಒಪ್ಪಿತ ಬಣ್ಣ, ಯಾರ ತಕರಾರೂ ಇಲ್ಲ. ಬ್ರಿಟನ್ನಿನ ಪಶುವೈದ್ಯರ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಾಕೊಲೇಟ್ ಲ್ಯಾಬ್‌ಗಳ ಮಧ್ಯಮ ಆಯುಸ್ಸು 10.7 ವರ್ಷ, ಉಳಿದ ಬಣ್ಣದವುಗಳದ್ದು 12.1 ವರ್ಷ. ಕಿವಿಯ ಸೋಂಕು, ಚರ್ಮರೋಗಗಳೂ ಚಾಕೊಲೇಟಿನಲ್ಲೇ ಹೆಚ್ಚು. ಒಂದೇ ಬಣ್ಣಕ್ಕಾಗಿ ಆಯ್ದಾಯ್ದು ಕೂಡಿಸುವಾಗ ಬಳಗ ಕಿರಿದಾಗಿ ಬೇರೆ ದೋಷಗಳೂ ಜೊತೆಗೇ ಬಂದಿರಬಹುದು ಎಂಬುದು ಸಂಶೋಧಕರ ಊಹೆ. ನಿಯಮ ಪುಸ್ತಕದ ಮುದ್ರೆ ನಾಯಿಯ ಆರೋಗ್ಯಕ್ಕೆ ಜಾಮೀನಲ್ಲ.

ನಿಷೇಧ ನ್ಯಾಯವಾಗುವ ಕಡೆಯೂ ಇದೆ. ಮೋಡ ಕದಡಿದಂತೆ ಕಾಣುವ ಮರ್ಲ್ ಬಣ್ಣದ ಗಂಡು ಹೆಣ್ಣು ಕೂಡಿದರೆ, ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ಜೀನಿನ ಎರಡು ಪ್ರತಿ ಸಿಗುತ್ತದೆ. ಅಂಥ ಮರಿಗಳಲ್ಲಿ ಕಿವುಡು, ಕುರುಡು ಹೆಚ್ಚು. ಇಲ್ಲಿ ಬೇಡ ಎನ್ನುವವರ ಬಳಿ ಕಾರಣವಿದೆ.

'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ಗಾದೆ ಪಕ್ಕದ ತಮಿಳುನಾಡಿನ ರಾಜಪಾಳಯಂ ನಾಯಿಯ ವಿಷಯದಲ್ಲಿ ಅಕ್ಷರಶಃ ನಿಜ. ಹಾಲುಬಿಳಿ ಮೈ, ಗುಲಾಬಿ ಮೂಗು ಇದ್ದರೇ ಅಸಲಿ ಎಂಬ ಹಟದಲ್ಲಿ ಬಣ್ಣದ ಮರಿಗಳನ್ನು ಹುಟ್ಟಿದ ಕೂಡಲೇ ಕೊಂದದ್ದೂ ಉಂಟು. ಉಳಿಸಿಕೊಂಡ ಬಿಳಿ ಮರಿಗಳಲ್ಲಿ ಕಿವುಡು ಹೆಚ್ಚು. ಕಿವಿಯೊಳಗೆ ಶಬ್ದ ಹಿಡಿಯುವ ಶಂಖದಾಕಾರದ ಭಾಗಕ್ಕೂ ಬಣ್ಣದ ಕೋಶಗಳು ಬೇಕು. ಅವಿಲ್ಲದೆ ಅದು ಕೆಲಸ ಮಾಡದು. ಶೆಫರ್ಡಿನ ಕರಿ ಮೂಗು ಆ ಕೋಶಗಳಿವೆ ಎನ್ನುತ್ತದೆ, ಅದನ್ನು ಹೊರಹಾಕಿದರು. ರಾಜಪಾಳಯಂನ ಗುಲಾಬಿ ಮೂಗು ಎಚ್ಚರಿಕೆ ಕೊಡುತ್ತದೆ, ಅದನ್ನೇ ಮೆಚ್ಚಿಕೊಂಡರು.

ಬಣ್ಣದ ನಿಯಮಗಳನ್ನು ಸುಟ್ಟುಹಾಕಿ ಎಂದು ನಾನು ಹೇಳುತ್ತಿಲ್ಲ. ಪ್ರತಿಯೊಂದು 'ಅನರ್ಹ'ದ ಮುಂದೆಯೂ, ಪ್ರತಿಯೊಂದು 'ಅಪರೂಪ'ದ ಮುಂದೆಯೂ, ಇದರಿಂದ ನಾಯಿಯ ಮೈಗೆ ಏನಾಗುತ್ತದೆ ಎಂಬ ಒಂದು ಸಾಲು ಇರಲಿ. ಬರೆಯಲು ಏನೂ ಸಿಗದಿದ್ದರೆ ಆ ನಿಯಮವನ್ನೂ ಆ ಬೆಲೆಯನ್ನೂ ಕೈಬಿಡಬಹುದು. ಮರಿ ಕೊಳ್ಳಲು ಹೋದವರು ಬಣ್ಣ ಮೆಚ್ಚುವ ಮೊದಲು ಅದರ ಬೆನ್ನ ಹಿಂದೆ ನಿಂತು ಒಮ್ಮೆ ಚಪ್ಪಾಳೆ ತಟ್ಟಲಿ. ತಿರುಗಿ ನೋಡುತ್ತದೆಯೇ ಗಮನಿಸಲಿ.