ಮೂರು ಕಂಬ, ಒಂದು ಖಾಲಿ ಮೂಲೆ

ಬಾಹ್ಯಾಕಾಶದ ಚಿತ್ರಗಳ ಗೋಜಿಗೇ ಹೋಗದವರೂ ಇದೊಂದನ್ನು ಎಲ್ಲೋ ನೋಡಿರುತ್ತಾರೆ: ನೀಲಿ-ಹಸಿರು ಬೆಳಕಿನಲ್ಲಿ ಹುತ್ತಗಳ ಹಾಗೆ ಎದ್ದು ನಿಂತ ಮೂರು ಕಂದು ಕಂಬಗಳು. 1995ರ ಏಪ್ರಿಲ್ 1ರಂದು ಹಬಲ್ ದೂರದರ್ಶಕ ತೆಗೆದ ಈ ಚಿತ್ರಕ್ಕೆ ‘ಸೃಷ್ಟಿಯ ಸ್ತಂಭಗಳು’ ಎಂದು ಹೆಸರು. ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿರುವ ಹದ್ದು ನೀಹಾರಿಕೆಯ ಸಣ್ಣ ತುಣುಕಷ್ಟೇ ಅದು. ಸಣ್ಣದೆಂದರೂ ಎಡಗಡೆಯ ಕಂಬವೊಂದೇ ನಾಲ್ಕು ಜ್ಯೋತಿರ್ವರ್ಷದಷ್ಟು ಉದ್ದ.

‘ಬಣ್ಣವೆಲ್ಲ ಆಮೇಲೆ ಬಳಿದದ್ದಂತೆ’ ಎಂದು ಮೂಗು ಮುರಿಯುವವರಿದ್ದಾರೆ. ಬಳಿದದ್ದು ನಿಜ, ಆದರೆ ಮನಬಂದಂತೆ ಅಲ್ಲ. ಅಲ್ಲಿನ ಜಲಜನಕವೂ ಗಂಧಕವೂ ಸೂಸುವುದು ಕೆಂಪು ಬೆಳಕನ್ನೇ. ಯಾವುದು ಯಾವುದೆಂದು ನಮ್ಮ ಕಣ್ಣಿಗೆ ತಿಳಿಯದು. ಈ ಚಿತ್ರ ರೂಪಿಸಿದ ಖಗೋಳವಿಜ್ಞಾನಿಗಳಾದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವನ್ ಒಂದೊಂದು ಧಾತುವಿನ ಬೆಳಕನ್ನೂ ಬೇರೆ ಬೇರೆ ಫಿಲ್ಟರಿನಲ್ಲಿ ಹಿಡಿದು, ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟರು. ತರಂಗಾಂತರದ ಏರಿಳಿತದ ಕ್ರಮ ಮಾತ್ರ ತಪ್ಪಲಿಲ್ಲ. ಹಾಗಾಗಿ ಬಲ್ಲವರಿಗೆ ಇಲ್ಲಿನ ಬಣ್ಣ ಎಂದರೆ ರಸಾಯನಶಾಸ್ತ್ರ.

ಚಿತ್ರದ ಒಂದು ಮೂಲೆ ಮೆಟ್ಟಿಲಿನಂತೆ ಕತ್ತರಿಸಿಹೋಗಿ ಕಪ್ಪಗಿದೆ. ಆಗಿನ ಕ್ಯಾಮೆರಾದಲ್ಲಿದ್ದದ್ದು ನಾಲ್ಕು ಚಿಪ್. ಅದರಲ್ಲೊಂದು ಉಳಿದವಕ್ಕಿಂತ ಹತ್ತಿರದ ನೋಟ ಹಿಡಿಯುತ್ತಿತ್ತು. ಆ ಪಾಲನ್ನು ಉಳಿದ ಮೂರರ ಅಳತೆಗೆ ಕುಗ್ಗಿಸಿದಾಗ ಸುತ್ತ ಜಾಗ ಖಾಲಿ ಬಿತ್ತು. ಪೋಸ್ಟರಿಗೆಂದು ಆ ಮೂಲೆಯನ್ನು ಕತ್ತರಿಸಿ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು. ಯಂತ್ರದ ಗುರುತು ಉಳಿದಿದ್ದರೇನಂತೆ?

ಆದರೆ ಕಣ್ಣು ನಿಲ್ಲಿಸಬೇಕಾದದ್ದು ಕಂಬಗಳ ಅಂಚಿನಲ್ಲಿ. ಚೌಕಟ್ಟಿನ ಆಚೆಗಿರುವ ಎಳೆಯ, ಉರಿಬಿಸಿ ನಕ್ಷತ್ರಗಳ ನೇರಳಾತೀತ ಬೆಳಕು ಬಡಿದು ಅಲ್ಲಿಂದ ಅನಿಲ ಆವಿಯಾಗಿ ಏಳುತ್ತಿದೆ. ದಟ್ಟವಾದ ಕಡೆ ಮಾತ್ರ ಕರಗದೆ ಬೆರಳಿನಂತೆ ಚಾಚಿಕೊಂಡಿದೆ. ಒಂದೊಂದು ಬೆರಳ ತುದಿಯೂ ನಮ್ಮ ಸೌರಮಂಡಲಕ್ಕಿಂತ ದೊಡ್ಡದು.

2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಇದೇ ಜಾಗವನ್ನು ಅವಕೆಂಪಿನಲ್ಲಿ ನೋಡಿತು. ದೂಳು ತೆಳುವಾಗಿ ಕಂಡು, ಹಿಂದಿನ ನಕ್ಷತ್ರಗಳೆಲ್ಲ ಮುನ್ನುಗ್ಗಿ ಬಂದವು. ಕಂಬದ ತುದಿಯಲ್ಲಿ ಕೆಂಡದಂಥ ಕೆಂಪು ಚುಕ್ಕೆಗಳು: ಈಗಷ್ಟೇ ಹುಟ್ಟುತ್ತಿರುವ ನಕ್ಷತ್ರಗಳ ಕೆಲಸ ಅದು. ವಿಜ್ಞಾನಕ್ಕೆ ಹಬ್ಬವೇ ಸರಿ. ನನಗೆ ಮಾತ್ರ ಅಲ್ಲಿ ಜಾತ್ರೆಯ ಗದ್ದಲ ಹೆಚ್ಚೆನಿಸುತ್ತದೆ. ಅದೇ ವೆಬ್ ಇನ್ನೂ ಉದ್ದದ ತರಂಗಗಳಲ್ಲಿ ತೆಗೆದ ಬೂದು ಚಿತ್ರದಲ್ಲಿ ನಕ್ಷತ್ರಗಳು ಬಹುಪಾಲು ಮಾಯವಾಗಿ ಬರೀ ದೂಳಿನ ಮಡಿಕೆಗಳು ಉಳಿದಿವೆ. ಜನಪ್ರಿಯವಾಗದ ಆ ಚಿತ್ರಕ್ಕೇ ನನ್ನ ಓಟು.

ಹಬಲ್ 2014ರಲ್ಲಿ ಹೊಸ ಕ್ಯಾಮೆರಾದಿಂದ ಮತ್ತೆ ತೆಗೆದ ಚಿತ್ರವನ್ನು 1995ರದ್ದರ ಪಕ್ಕದಲ್ಲಿಟ್ಟು ನೋಡಿ. ಫೋನಿನ ಪರದೆ ಸಾಲದು, ನಾಸಾದ ತಾಣದಲ್ಲಿ ದೊಡ್ಡ ಕಡತಗಳೇ ಪುಕ್ಕಟೆ ಸಿಗುತ್ತವೆ. ಎಳೆಯ ನಕ್ಷತ್ರವೊಂದು ಚಿಮ್ಮಿಸಿದ್ದಿರಬಹುದಾದ ಅನಿಲದ ಸಣ್ಣ ಗೆರೆಯೊಂದು ಆ ಎರಡು ಚಿತ್ರಗಳ ನಡುವಿನ ಕಾಲದಲ್ಲಿ ಉದ್ದವಾಗಿದೆ, ಸುಮಾರು 9,600 ಕೋಟಿ ಕಿಲೋಮೀಟರಿನಷ್ಟು.